ಶೆವರ್ಲೆ ಎಂಜಾಯ್ ಡೀಸೆಲ್ ಸೆಕೆಂಡ್ ಹ್ಯಾಂಡ್: ಒಳಗೆ ಚೀನಾ ವ್ಯಾನ್ ಅಂತಾರೆ, ಕುಮಟಾ–ಶಿರಸಿ ಓಡಾಟಕ್ಕೆ ತಗೊಳ್ಳಬಹುದಾ?

ಕುಮಟಾ ಅಡುಗೆಯವ

ನಮಸ್ಕಾರ ಎಲ್ಲರಿಗೂ. ನಮ್ಮದು ಕುಮಟಾ ಹತ್ತಿರದ ಹಳ್ಳಿ. ಮದುವೆ, ಉಪನಯನ, ಗೃಹಪ್ರವೇಶಕ್ಕೆ ಅಡುಗೆ ಹಿಡಿಯುತ್ತೇವೆ. ಅರ್ಧ ಕೆಲಸ ಕರಾವಳಿಯಲ್ಲಿ, ಅರ್ಧ ಘಟ್ಟದ ಮೇಲೆ. ಇಷ್ಟು ವರ್ಷ ಹಳೆ ಓಮ್ನಿಯಲ್ಲೇ ಕೊಳಗ, ಕಡಾಯಿ, ಒಲೆ, ಮೂರ್ನಾಲ್ಕು ಹುಡುಗರು ಎಲ್ಲ ತುಂಬಿಕೊಂಡು ದೇವಿಮನೆ ಘಟ್ಟ ಹತ್ತುತ್ತಿದ್ದೆವು. ಈಗ ಅದರ ಫ್ಲೋರ್ ಪೂರ್ತಿ ತುಕ್ಕು ಹಿಡಿದಿದೆ. ತಗಡು ಬಡಿಸಿ ಬಡಿಸಿ ಇನ್ನು ವೆಲ್ಡಿಂಗ್ ಹಿಡಿಯುವ ಜಾಗವೇ ಇಲ್ಲ ಅಂತ ವೆಲ್ಡರ್ ಕೈ ಎತ್ತಿದ್ದಾನೆ.

ಹೊನ್ನಾವರ ಕಡೆ ಒಬ್ಬರ ಹತ್ತಿರ 2014ರ ಶೆವರ್ಲೆ ಎಂಜಾಯ್ ಡೀಸೆಲ್ ಇದೆ. 8 ಸೀಟಿನದು, ಕೆಎ 47 ರಿಜಿಸ್ಟ್ರೇಷನ್, ಒಬ್ಬರೇ ಓನರ್. ಎರಡು ಲಕ್ಷದ ಒಳಗೆ ಮುಗಿಯುತ್ತದೆ. ನೋಡೋಕೆ ಚೆನ್ನಾಗಿದೆ, ಜಾಗ ಭರ್ಜರಿ. ಆದರೆ ಯಾರನ್ನು ಕೇಳಿದರೂ ಒಂದೊಂದು ಮಾತು. ಒಬ್ಬರು ಅದು ಅಮೆರಿಕದ ಗಾಡಿ, ಗಟ್ಟಿ ಅಂತಾರೆ. ಇನ್ನೊಬ್ಬರು ಅದು ಚೀನಾ ವ್ಯಾನಿಗೆ ಶೆವರ್ಲೆ ಬ್ಯಾಡ್ಜ್ ಹೊಡೆದದ್ದು, ಕಂಪನಿಯೂ ದೇಶ ಬಿಟ್ಟು ಹೋಗಿದೆ, ಒಂದು ಬಲ್ಬ್ ಹೋದರೂ ಗಾಡಿ ನಿಂತ ಹಾಗೆ ಅಂತಾರೆ. ಯಾವುದು ನಿಜ? ಪಾರ್ಟ್ಸ್ ಸಿಗುತ್ತಾ? ಘಟ್ಟ ಹತ್ತುತ್ತಾ? ಅಥವಾ ಸುಮ್ನೆ ಇನ್ನೊಂದಿಷ್ಟು ದುಡ್ಡು ಸೇರಿಸಿ ಹಳೆ ಮಾರುತಿ ಈಕೋ ತಗೊಳ್ಳಲಾ? ಮುಂದಿನ ಮದುವೆ ಸೀಸನ್ ಒಳಗೆ ಗಾಡಿ ಬೇಕೇ ಬೇಕು.

ಕಾಳಿ ದಂಡೆ, ಕಾರವಾರ

ಎರಡನೆಯವರು ಹೇಳಿದ ಅರ್ಧ ನಿಜ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಗಾಡಿ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಪಾರ್ಟ್ಸ್ ಹುಡುಕೋದು ಸಲೀಸು.

ಎಂಜಾಯ್ ಅಂದರೆ ಚೀನಾದ ವುಲಿಂಗ್ ಹೊಂಗ್‌ಗುವಾಂಗ್. ಆ ದೇಶದ ದಕ್ಷಿಣದಲ್ಲಿ ಗುವಾಂಗ್ಶಿ ಅಂತ ಪ್ರಾಂತ್ಯ ಇದೆ, ಅಲ್ಲಿನ ಲಿಯುಝೌ ಊರಿನ ಕಂಪನಿ ವುಲಿಂಗ್. 2002ರಲ್ಲಿ ಸೈಕ್ ಅನ್ನೋ ಶಾಂಘೈ ಕಂಪನಿ, ಅಮೆರಿಕದ ಜನರಲ್ ಮೋಟರ್ಸ್ ಮತ್ತು ವುಲಿಂಗ್ ಮೂರೂ ಸೇರಿ ಒಂದು ಜಂಟಿ ಕಂಪನಿ ಮಾಡಿದವು. ಅದೇ ಹೊತ್ತಿಗೆ ಬಂದದ್ದು ವುಲಿಂಗ್ ಸನ್‌ಶೈನ್. ನಮ್ಮ ಓಮ್ನಿ ಥರದ್ದೇ, ಮುಂದಿನ ಸೀಟಿನ ಕೆಳಗೆ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್, ಒಳಗೆ ಏನೂ ಶೋಕಿ ಇಲ್ಲ. ರೈತರು, ಸಣ್ಣ ಅಂಗಡಿಯವರು ಮುಗಿಬಿದ್ದು ತಗೊಂಡರು. 2010ರಲ್ಲಿ ಫೋರ್ಬ್ಸ್ ಪತ್ರಿಕೆ ಇದನ್ನು ಭೂಮಿ ಮೇಲಿನ ಅತಿ ಮುಖ್ಯ ಕಾರು ಅಂತ ಬರೆಯಿತು. ಆಮೇಲೆ ಸ್ವಲ್ಪ ದೊಡ್ಡದು ರೊಂಗ್‌ಗುವಾಂಗ್ ಬಂತು. ಅದನ್ನೇ ಲ್ಯಾಟಿನ್ ಅಮೆರಿಕ, ಈಜಿಪ್ಟ್ ಕಡೆ ಶೆವರ್ಲೆ ಎನ್ 300 ಅಂತ ಮಾರಿದರು. 2010ರಲ್ಲಿ ಹೊಂಗ್‌ಗುವಾಂಗ್ ಬಂತು. ಇದರಲ್ಲಿ ಎಂಜಿನ್ ಸೀಟಿನ ಕೆಳಗಿನಿಂದ ಮುಂದಿನ ಬಾನೆಟ್ಟಿಗೆ ಬಂದಿದೆ, ಆದರೆ ಡ್ರೈವ್ ಇನ್ನೂ ಹಿಂದಿನ ಚಕ್ರಕ್ಕೇ. 2014ರಲ್ಲಿ ಒಂದೇ ವರ್ಷ ಚೀನಾದಲ್ಲಿ 7 ಲಕ್ಷಕ್ಕೂ ಜಾಸ್ತಿ ಹೋಗಿವೆ. ಅಷ್ಟು ಜನ ದುಡಿಸಿಕೊಂಡ ಗಾಡಿಯನ್ನು ಚೀನಾದ್ದು ಅಂತ ಒಂದೇ ಮಾತಲ್ಲಿ ತಳ್ಳಿಹಾಕುವುದು ಸರಿಯಲ್ಲ.

ಅದನ್ನೇ 2013ರ ಮೇನಲ್ಲಿ ಇಲ್ಲಿ ಎಂಜಾಯ್ ಅಂತ ಬಿಟ್ಟರು. ತಯಾರಿಸಿದ್ದು ಗುಜರಾತಿನ ಹಾಲೋಲ್‌ನಲ್ಲಿ. ಮುಖ್ಯ ವಿಷಯ ಇದು: ಚೀನಾದಲ್ಲಿ ಇದು ಪೆಟ್ರೋಲ್ ಗಾಡಿ. ಇಲ್ಲಿ ಮಾತ್ರ 1.3 ಲೀಟರ್ ಡೀಸೆಲ್ ಹಾಕಿದರು. ಆ ಎಂಜಿನ್ ಫಿಯಟ್ ಮಲ್ಟಿಜೆಟ್ ಕುಲದ್ದು, 1248 ಸಿಸಿ. ಹಳೆ ಸ್ವಿಫ್ಟ್ ಡಿಡಿಐಎಸ್, ಇಂಡಿಕಾ ವಿಸ್ಟಾ ಕ್ವಾಡ್ರಾಜೆಟ್, ಲಿನಿಯಾ, ಎಲ್ಲದರ ಒಳಗೂ ಅದೇ ಕುಲ. ಅಂದರೆ ನೀವು ನೋಡ್ತಿರೋ ಗಾಡಿಯ ಮೈ ಚೀನಾದ್ದು, ಎಂಜಿನ್ ಇಟಲಿಯದ್ದು, ಬ್ಯಾಡ್ಜ್ ಅಮೆರಿಕದ್ದು, ಕಟ್ಟಿದ್ದು ಗುಜರಾತಿನಲ್ಲಿ. ಇದರಲ್ಲಿ ನಿಮಗೆ ಉಪಯೋಗಕ್ಕೆ ಬರೋದು ಎಂಜಿನ್ ವಿಷಯ. ಡೀಸೆಲ್ ಬಲ್ಲ ಯಾವ ಮೆಕ್ಯಾನಿಕ್ ಆದರೂ ಅದನ್ನು ಬಿಚ್ಚಿ ನೋಡಿರುತ್ತಾನೆ.

ಕಂಪನಿ ಬಿಟ್ಟು ಹೋದದ್ದೂ ನಿಜ. 2017ರ ಏಪ್ರಿಲ್‌ಗೆ ಹಾಲೋಲ್ ಫ್ಯಾಕ್ಟರಿ ನಿಂತಿತು, ಆ ವರ್ಷದ ಕೊನೆಗೆ ಮಾರಾಟವೂ ನಿಂತಿತು. ಫ್ಯಾಕ್ಟರಿ ತಗೊಂಡದ್ದು ಮತ್ತೆ ಅದೇ ಸೈಕ್. ಈಗ ಅಲ್ಲಿಂದ ಎಂಜಿ ಗಾಡಿಗಳು ಬರುತ್ತಿವೆ. ಹೆಕ್ಟರ್ ಅಂದರೆ ಚೀನಾದ ಬಾವ್‌ಜುನ್ 530, ಕಾಮೆಟ್ ಅಂದರೆ ವುಲಿಂಗ್ ಏರ್, ವಿಂಡ್ಸರ್ ಅಂದರೆ ವುಲಿಂಗ್ ಕ್ಲೌಡ್. ಜನ ಅವನ್ನೆಲ್ಲ ಬುಕ್ ಮಾಡಿ ಕಾದು ತಗೊಳ್ತಾರೆ. ಎಂಜಾಯ್ ಬಂದಾಗ ಮಾತ್ರ ಚೀನಾ ವ್ಯಾನ್ ಅಂತ ಮೂಗು ಮುರಿದರು. ಹಾಗಾಗಿ ಬ್ಯಾಡ್ಜ್ ವಿಷಯ ತಲೆಯಿಂದ ತೆಗೆದುಹಾಕಿ. ಈ ಒಂದು ಗಾಡಿ ಹೇಗಿದೆ, ಅದನ್ನಷ್ಟೇ ನೋಡಿ.

ಅಂಕೋಲಾ ಪಾನಾ

ಮೇಲಿನವರು ಹೇಳಿದ್ದು ಸರಿ ಇದೆ. ನಾನು ಗ್ಯಾರೇಜ್ ಕಡೆಯಿಂದ ಹೇಳುತ್ತೇನೆ.

ಎಂಜಿನ್ ಕುಲ ಒಂದೇ ಅಂದ ಮಾತ್ರಕ್ಕೆ ಸ್ವಿಫ್ಟಿನ ಎಲ್ಲ ಪಾರ್ಟ್ ತಂದು ಕೂರಿಸಬಹುದು ಅಂತಲ್ಲ. ಸ್ವಿಫ್ಟಿನಲ್ಲಿ ಎಂಜಿನ್ ಅಡ್ಡ ಕೂತಿದೆ, ಎಂಜಾಯ್‌ನಲ್ಲಿ ಉದ್ದಕ್ಕೆ. ಮೌಂಟಿಂಗ್, ಗೇರ್‌ಬಾಕ್ಸ್, ಕೂಲಂಟ್ ಪೈಪುಗಳು ಬೇರೆ. ಒಳಗಿನ ಸಾಮಾನಿಗೆ ಮೊದಲು ಶೆವರ್ಲೆ ಸೇಲ್ ಡೀಸೆಲ್‌ದು ಸಿಗುತ್ತಾ ಅಂತ ಕೇಳಿ, ಅದರದ್ದೂ ಇದೇ ಎಂಜಿನ್. ಅಂಗಡಿಯವರು ಬೀಟ್ ಡೀಸೆಲ್‌ದು ಆಗುತ್ತೆ ಅಂತ ಕೊಟ್ಟರೆ ಒಪ್ಪಬೇಡಿ. ಅದು 936 ಸಿಸಿ, ಮೂರು ಸಿಲಿಂಡರ್. ಯಾವಾಗಲೂ ಹಳೇ ಪಾರ್ಟ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಳತೆ ನೋಡಿ ತನ್ನಿ.

ಬ್ರೇಕ್, ಕ್ಲಚ್, ಬೇರಿಂಗ್, ಫಿಲ್ಟರ್, ಬೆಲ್ಟ್, ಇವಕ್ಕೆಲ್ಲ ತಲೆಬಿಸಿ ಬೇಡ. ಹುಬ್ಬಳ್ಳಿಯಲ್ಲಿ, ಮಡಗಾಂವ್‌ನಲ್ಲಿ ಸಿಗುತ್ತವೆ, ಇಲ್ಲದಿದ್ದರೆ ಆನ್‌ಲೈನ್. ಕಷ್ಟ ಇರೋದು ಮೈಗೆ ಸಂಬಂಧಿಸಿದ್ದಕ್ಕೆ. ಹೆಡ್‌ಲೈಟ್, ಟೇಲ್‌ಲೈಟ್, ಮುಂದಿನ ಗಾಜು, ಬಂಪರ್, ಬಾಗಿಲಿನ ಗಾಜು, ಪವರ್ ವಿಂಡೋ ಮೋಟರ್. ಇವು ಒಡೆದರೆ ಗುಜರಿಯಲ್ಲೇ ಹುಡುಕಬೇಕು. ಅದಕ್ಕೇ ತಗೊಳ್ಳುವ ಮೊದಲು ಎಲ್ಲ ಗಾಜು, ಎಲ್ಲ ಲೈಟು ಸರಿ ಇದೆಯಾ ನೋಡಿ. ಒಂದು ಹೆಡ್‌ಲೈಟ್ ಒಡೆದಿದ್ದರೆ ಓನರ್ ಅದನ್ನು ಸಣ್ಣ ವಿಷಯ ಅಂತಾರೆ. ಈ ಗಾಡಿಗೆ ಅದು ಸಣ್ಣ ವಿಷಯ ಅಲ್ಲ.

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ವೈರಿ ಉಪ್ಪು ಗಾಳಿ. ಹೊನ್ನಾವರದ ಗಾಡಿ ಅಂದಿರಿ. ಓನರ್ ಏನು ಕೆಲಸ ಮಾಡ್ತಾರೆ ಕೇಳಿ. ಮೀನಿನ ಕ್ರೇಟ್ ಹಾಕಿ ಓಡಿಸಿದ ಗಾಡಿ ಆದರೆ ಐಸ್ ಕರಗಿದ ನೀರು, ಮೀನಿನ ಉಪ್ಪು ನೀರು ಎಲ್ಲ ಮ್ಯಾಟ್ ಕೆಳಗೆ ಇಳಿದಿರುತ್ತದೆ. ಹೊರಗೆ ಪಾಲಿಶ್ ಹೊಡೆದು ಫಳಫಳ ಮಾಡಿರುತ್ತಾರೆ, ಒಳಗೆ ಫ್ಲೋರ್ ತಿಂದುಹೋಗಿರುತ್ತದೆ. ಒಂದು ಕೆಲಸ ಮಾಡಿ. ನಡುವಿನ ಸೀಟಿನ ಹಿಂದಿನ ಮೂಲೆಯಲ್ಲಿ, ಸೀಟ್‌ಬೆಲ್ಟ್ ಬೋಲ್ಟ್ ಇರುವಲ್ಲಿ ಮ್ಯಾಟ್ ಎತ್ತಿ. ಕೆಳಗಿನ ಫೆಲ್ಟ್ ಒದ್ದೆ ಇದೆಯಾ, ಕೆಂಪು ಪುಡಿ ಕೈಗೆ ಬರುತ್ತಾ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ತಿಂದ ತಗಡು ಮಂಕಾಗಿ ಡಬ್ ಅನ್ನುತ್ತದೆ. ಆಮೇಲೆ ಗಾಡಿ ಎತ್ತಿಸಿ ಜಾಕ್ ಹಾಕೋ ಜಾಗ, ಹಿಂದಿನ ಚಕ್ರದ ಮೇಲಿನ ಆರ್ಚ್, ಬ್ರೇಕ್ ಪೈಪ್. ಬ್ರೇಕ್ ಪೈಪ್ ಮೇಲೆ ಕಪ್ಪು ಅಂಡರ್‌ಕೋಟಿಂಗ್ ಹೊಸದಾಗಿ ಬಳಿದಿದ್ದರೆ ಅನುಮಾನ ಇರಲಿ, ಕೆರೆದು ನೋಡಿ.

ಎಂಜಿನ್ ಹಾಳಾದರೆ ಮಾಡಿಕೊಡಬಹುದು. ಫ್ಲೋರ್ ಹೋಗಿದ್ದರೆ ಬಿಟ್ಟುಬಿಡಿ. ಓಮ್ನಿ ಕಥೆ ನಿಮಗೇ ಗೊತ್ತಿದೆಯಲ್ಲ.

ಶಿರಸಿ ತೋಟದವ

ನಮ್ಮ ಮನೆಯಲ್ಲಿ ಎಂಜಾಯ್ ಡೀಸೆಲ್ ಇದೆ, ಹೊಸದಾಗಿ ತಗೊಂಡದ್ದು, ಇವತ್ತಿಗೂ ಓಡುತ್ತಿದೆ. ಅಡಿಕೆ ಚೀಲ ಹಾಕಿಕೊಂಡು ಮಾರ್ಕೆಟ್ ಯಾರ್ಡಿಗೆ, ಜನ ತುಂಬಿಕೊಂಡು ಗೋಕರ್ಣಕ್ಕೆ, ಕುಮಟಾ ನೆಂಟರ ಮನೆಗೆ. ಮಾರಿಕಾಂಬಾ ಜಾತ್ರೆ ಹೊತ್ತಿಗಂತೂ ಬಸ್ಸಿನ ಥರ ಓಡುತ್ತದೆ.

ಘಟ್ಟ ಹತ್ತುತ್ತಾ ಅಂತ ಕೇಳಿದ್ದೀರಿ. ಹತ್ತುತ್ತದೆ, ಆದರೆ ಹೇಗೆ ಅಂತ ತಿಳಿದುಕೊಂಡು ಹತ್ತಿಸಬೇಕು. ಈ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ಸತ್ತ ಹಾಗಿರುತ್ತದೆ. 1800 ದಾಟಿದ ಮೇಲೆ ಟರ್ಬೋ ಹಿಡಿದು ಎಳೆಯುತ್ತದೆ. ದೇವಿಮನೆ ಹೇರ್‌ಪಿನ್ನಿನಲ್ಲಿ ಎದುರು ಲಾರಿ ಬಂತು ಅಂತ ನಿಂತು, ಮತ್ತೆ ಎರಡನೇ ಗೇರಿನಲ್ಲೇ ಎತ್ತಲು ಹೋದರೆ ಗಾಡಿ ಉಸಿರು ಕಟ್ಟುತ್ತದೆ. ಮುಲಾಜಿಲ್ಲದೆ ಒಂದನೇ ಗೇರ್ ಹಾಕಿ. ಫುಲ್ ಲೋಡ್ ಇದ್ದರೆ ಎಸಿ ಆಫ್. ಕ್ಲಚ್ ಮೇಲೆ ಕಾಲಿಟ್ಟು ಗಾಡಿ ನಿಲ್ಲಿಸುವ ಅಭ್ಯಾಸ ಇದ್ದರೆ ಒಂದೇ ಮಳೆಗಾಲದಲ್ಲಿ ಕ್ಲಚ್ ಸುಟ್ಟುಹೋಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿ.

ಹಿಂದಿನ ಚಕ್ರದ ಡ್ರೈವ್ ಇರೋದು ಲೋಡ್ ಗಾಡಿಗೆ ದೊಡ್ಡ ಅನುಕೂಲ. ಏರಿನಲ್ಲಿ ಭಾರ ಹಿಂದಕ್ಕೆ ಬೀಳುತ್ತದೆ, ತಳ್ಳುವ ಚಕ್ರವೂ ಹಿಂದೆಯೇ ಇದೆ, ಹಾಗಾಗಿ ಹಿಡಿತ ಸಿಗುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಗಳಿಗೆ ಹಿಂದೆ ಜನ, ಸಾಮಾನು ತುಂಬಿದರೆ ನಮ್ಮ ತೋಟದ ಏರಿನಲ್ಲಿ ಮುಂದಿನ ಟಯರು ಸುಮ್ನೆ ತಿರುಗುತ್ತದೆ. ಆದರೆ ಖಾಲಿ ಎಂಜಾಯ್ ಮಳೆಯಲ್ಲಿ ಹುಷಾರು. ಹಿಂದೆ ಹಗುರ ಇರುತ್ತದೆ. ಕೆಂಪು ಮಣ್ಣಿನ ಜಾರು ರಸ್ತೆಯಲ್ಲಿ, ಘಟ್ಟ ಇಳಿಯುವಾಗ ತಿರುವಿನಲ್ಲಿ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಹಿಂಭಾಗ ಹೊರಗೆ ಹೋಗುತ್ತದೆ. ಟಯರ್ ಒಳ್ಳೆಯದಿರಲಿ, ಅಲ್ಲಿ ದುಡ್ಡು ಉಳಿಸಬೇಡಿ.

ಕಷ್ಟ ಪಟ್ಟದ್ದೂ ಹೇಳಬೇಕು. ಒಮ್ಮೆ ಮರದ ಕೊಂಬೆ ಬಿದ್ದು ಮುಂದಿನ ಗಾಜು ಒಡೆಯಿತು. ಪೇಟೆಯ ಒಂದು ವರ್ಕ್‌ಶಾಪಿನವರು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ವಾರಗಟ್ಟಲೆ ಕಾಯಿಸಿದರು. ನಡು ಮಳೆಗಾಲ. ಗಾಡಿ ಟಾರ್ಪಾಲಿನ್ ಹೊದ್ದು ಅಂಗಳದಲ್ಲಿ ನಿಂತಿತ್ತು. ಅದಕ್ಕೇ ಅಂಕೋಲಾದವರು ಹೇಳಿದ ಗಾಜಿನ ಮಾತು ನೂರಕ್ಕೆ ನೂರು ಸತ್ಯ. ಇನ್ಶೂರೆನ್ಸಿನಲ್ಲೂ ನೋಡಿ, ಇಷ್ಟು ಹಳೆ ಗಾಡಿಗೆ ಐಡಿವಿ, ಅಂದರೆ ಇನ್ಶೂರೆನ್ಸಿನವರು ಗಾಡಿಗೆ ಕಟ್ಟುವ ಬೆಲೆ, ಕಮ್ಮಿ ಇರುತ್ತದೆ. ಸಾಧಾರಣ ಆಕ್ಸಿಡೆಂಟ್ ಆದರೂ ರಿಪೇರಿ ಖರ್ಚು ಅದನ್ನು ದಾಟಬಹುದು.

ಇಷ್ಟಾದರೂ ಮಾರುವ ಮನಸ್ಸಿಲ್ಲ. ಮೂರನೇ ಸಾಲಿನಲ್ಲಿ ದೊಡ್ಡವರು ಕೂರಬಹುದಾದ ಗಾಡಿ ಈ ರೇಟಿಗೆ ಇನ್ನೊಂದು ತೋರಿಸಿ ನೋಡೋಣ.

ಈಕೋ ಸದಾಶಿವಗಡ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮದು ಹೊಟ್ಟೆಪಾಡಿನ ಗಾಡಿ. ಬೆಳಿಗ್ಗೆ 4 ಗಂಟೆಗೆ ಸ್ಟಾರ್ಟ್ ಆಗಲೇಬೇಕು, ಇಲ್ಲದಿದ್ದರೆ ಮದುವೆ ಮನೆಯಲ್ಲಿ ತಿಂಡಿ ಇಲ್ಲ. ಅಂಥ ಕೆಲಸಕ್ಕೆ ಈಕೋ ಸರಿ. 2010ರಿಂದ ಇವತ್ತಿನವರೆಗೂ ತಯಾರಾಗುತ್ತಲೇ ಇದೆ. ಗಾಜು, ಲೈಟು, ಬಾಗಿಲು, ಯಾವುದು ಬೇಕಾದರೂ ಕಾರವಾರದಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಮರುದಿನ ಬಸ್ಸಿಗೆ ಬರುತ್ತದೆ. ಸ್ಲೈಡಿಂಗ್ ಬಾಗಿಲು ಇರೋದರಿಂದ ಇಕ್ಕಟ್ಟಿನ ಅಂಗಳದಲ್ಲೂ ಕೊಳಗ ಇಳಿಸಬಹುದು. ಎಂಜಾಯ್‌ಗೆ ಕಾರಿನ ಥರದ ಬಾಗಿಲು.

ಚೀನಾ, ಜಪಾನ್ ಅಂತ ನೋಡಿದರೆ ಈಕೋ, ಓಮ್ನಿ ಎರಡರ ಮೂಲವೂ ಜಪಾನಿನ ಸುಝುಕಿ ಕ್ಯಾರಿ. ನಮ್ಮ ಓಮ್ನಿಯೇ ಪಾಕಿಸ್ತಾನದಲ್ಲಿ ಬೋಲಾನ್ ಅಂತ ಓಡಿತು. ಅದೇ ಕ್ಯಾರಿಯನ್ನು ಚೀನಾದಲ್ಲಿ ಚಾಂಗಾನ್ ಕಂಪನಿಯವರು ಕಟ್ಟಿದರು. ಹಾಗಾಗಿ ಇದು ಹೆಸರಿನ ಜಗಳ ಅಲ್ಲ ಅಂತ ನಾನೂ ಒಪ್ಪುತ್ತೇನೆ. ನನ್ನ ಚಿಂತೆ ನಾಳೆ ಪಾರ್ಟ್ ಸಿಗುತ್ತಾ ಅನ್ನೋದು ಮಾತ್ರ. ಪ್ರೀಮಿಯರ್ ರಿಯೋ ನೆನಪಿದೆಯಾ? ಅದೂ ಚೀನಾದ ಜೋಟ್ಯೆ ಗಾಡಿ, ಅದರ ಮೂಲ ಜಪಾನಿನ ಡೈಹಟ್ಸು ಟೆರಿಯೋಸ್. ಗಾಡಿ ಕೆಟ್ಟದ್ದಲ್ಲ. ಆದರೆ ಕಂಪನಿ ನಿಂತ ಮೇಲೆ ಓನರುಗಳು ಪಾರ್ಟ್ಸಿಗೆ ಪಟ್ಟ ಪಾಡು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲಿಲ್ಲ. 2017ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಎಂಜಾಯ್ ಗುದ್ದಿಸಿ ನೋಡಿದಾಗ ದೊಡ್ಡವರ ಸುರಕ್ಷತೆಗೆ ಸೊನ್ನೆ ಸ್ಟಾರ್ ಬಂತು. ಈಕೋ ಕೂಡ 2016ರಲ್ಲಿ ಸೊನ್ನೆಯೇ, ಅದನ್ನು ಮುಚ್ಚಿಡೋದಿಲ್ಲ. ಎರಡೂ ಗಾಡಿಯಲ್ಲಿ ಹೈವೇ 66ರಲ್ಲಿ 100ರ ಮೇಲೆ ಓಡಿಸೋಕೆ ಹೋಗಬೇಡಿ. ಮತ್ತೆ ದಯವಿಟ್ಟು ಹುಡುಗರನ್ನು ಪಾತ್ರೆಗಳ ನಡುವೆ ಕೂರಿಸಿಕೊಂಡು ಹೋಗಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಕಬ್ಬಿಣದ ಒಲೆ ಸೀದಾ ಮುಂದಿದ್ದವರ ಬೆನ್ನಿಗೆ ಬರುತ್ತದೆ. ಮೂರನೇ ಸಾಲು ಮಡಚಿ, ಸಾಮಾನು ಅಲ್ಲಿಟ್ಟು ಹಗ್ಗದಲ್ಲಿ ಬಿಗಿದು ಕಟ್ಟಿ. ಹುಡುಗರು ನಡುವಿನ ಸಾಲಿನಲ್ಲಿ ಬೆಲ್ಟ್ ಹಾಕಿ ಕೂರಲಿ. ಇದು ಯಾವ ಗಾಡಿ ತಗೊಂಡರೂ ಅನ್ವಯ.

ಕಾಳಿ ದಂಡೆ, ಕಾರವಾರ

ಸುರಕ್ಷತೆ ಮಾತು ಒಪ್ಪಿದೆ, ಹೇಳಿದ್ದು ಒಳ್ಳೆಯದಾಯ್ತು. ಆದರೆ ರಿಯೋ ಜೊತೆ ಎಂಜಾಯ್ ಸೇರಿಸೋದು ಸರಿಯಲ್ಲ. ರಿಯೋ ಇಲ್ಲಿ ಮಾರಿದ್ದೇ ಕಮ್ಮಿ. ಹೊಂಗ್‌ಗುವಾಂಗ್ ಚೀನಾದಲ್ಲಿ ಲಕ್ಷಗಟ್ಟಲೆ ಓಡಿದೆ. ಇಂಡೊನೇಷ್ಯಾದಲ್ಲಿ 2017ರಿಂದ ಇದೇ ಕುಟುಂಬದ ಗಾಡಿ ವುಲಿಂಗ್ ಕಾನ್ಫೆರೋ ಅಂತ ಹೋಗಿದೆ. ಸಸ್ಪೆನ್ಷನ್ ಬುಷ್, ಪ್ರೊಪೆಲ್ಲರ್ ಶಾಫ್ಟ್ ಥರದ ಸಾಮಾನು ಬೇಕಾದಾಗ ಎಂಜಾಯ್ ಹೆಸರಲ್ಲಿ ಮಾತ್ರ ಹುಡುಕಬೇಡಿ. ಪಾರ್ಟಿನ ಮೇಲೆ ಕೊರೆದಿರುವ ನಂಬರ್ ಬರೆದುಕೊಂಡು, ಹೊಂಗ್‌ಗುವಾಂಗ್ ಹೆಸರಲ್ಲೂ ಹುಡುಕಿ. ಹುಬ್ಬಳ್ಳಿಯಲ್ಲಿ ತರಿಸಿಕೊಡುವವರು ಇದ್ದಾರೆ. ಕಾಯಬೇಕಾಗುತ್ತದೆ, ಆದರೆ ಸಿಗೋದೇ ಇಲ್ಲ ಅನ್ನೋ ಹಾಗಿಲ್ಲ.

ಕಾಗದದ ವಿಷಯವೂ ಹೇಳಿಬಿಡುತ್ತೇನೆ. 2014ರ ಗಾಡಿಗೆ 2029ಕ್ಕೆ 15 ವರ್ಷ ತುಂಬುತ್ತದೆ. ಆಗ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣದ ಫೀಸೇ 5000 ಆಗಿದೆ, ತೆರಿಗೆ ಬೇರೆ. ರೇಟ್ ಮಾತಾಡುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಕೆಎ 47 ಗಾಡಿ ಆಗಿರೋದು ನಿಮಗೆ ಅನುಕೂಲ. ಕಮ್ಮಿಗೆ ಸಿಗುತ್ತೆ ಅಂತ ಗೋವಾ ರಿಜಿಸ್ಟ್ರೇಷನ್ ಗಾಡಿ ಹಿಡಿದರೆ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು. ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ.

ಕುಮಟಾ ಅಡುಗೆಯವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರ ಯಾರೂ ಹೇಳಿರಲಿಲ್ಲ. ನಿನ್ನೆ ಹೊನ್ನಾವರಕ್ಕೆ ಹೋಗಿ ಬಂದೆ. ಓನರ್ ಶಾಲೆ ಮಾಸ್ತರು, ಗಾಡಿಗೆ ಮೀನು ಹಾಕಿದ್ದಿಲ್ಲ. ನಡುವಿನ ಸೀಟಿನ ಹಿಂದೆ ಮ್ಯಾಟ್ ಎತ್ತಿ ನೋಡಿದೆ. ಫೆಲ್ಟ್ ಒಣಗಿದೆ, ಒಂದು ಬೋಲ್ಟಿನ ಸುತ್ತ ಮಾತ್ರ ಕಂದು ಬಣ್ಣ ಬಂದಿದೆ, ಉಜ್ಜಿದರೆ ಪುಡಿ ಬರಲಿಲ್ಲ. ಗಾಜು, ಲೈಟು ಎಲ್ಲ ಸರಿ ಇದೆ. ಓಡೋಮೀಟರ್ 1.4 ಲಕ್ಷ ತೋರಿಸುತ್ತದೆ.

ಒಂದು ಅನುಮಾನ ಉಳಿದಿದೆ. ನಾನು ಹೋಗುವಷ್ಟರಲ್ಲಿ ಅವರು ಗಾಡಿ ಸ್ಟಾರ್ಟ್ ಮಾಡಿ ಇಟ್ಟಿದ್ದರು. ಹೈವೇಯಲ್ಲಿ ಓಡಿಸಿದಾಗ 60–70ರಲ್ಲಿ ಕಾಲು ತೆಗೆದರೆ ಹಿಂದಿನಿಂದ ಸಣ್ಣಗೆ ಗುಂಯ್ ಅನ್ನೋ ಸದ್ದು. ಆಕ್ಸಿಲರೇಟರ್ ಕೊಟ್ಟರೆ ನಿಲ್ಲುತ್ತದೆ. ಓನರ್ ಅದು ಟಯರ್ ಸದ್ದು ಅಂದರು. ಹೌದಾ?

ಅಂಕೋಲಾ ಪಾನಾ

ಟಯರ್ ಸದ್ದು ಕಾಲು ತೆಗೆದಾಗ ಬಂದು, ಕೊಟ್ಟಾಗ ನಿಲ್ಲುವುದಿಲ್ಲ. ಅದು ಹಿಂದಿನ ಕ್ರೌನ್ ಪಿನಿಯನ್, ಅಂದರೆ ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರ, ಇರಬೇಕು. ಡಿಫರೆನ್ಷಿಯಲ್ ಆಯಿಲ್ ಬಹಳ ವರ್ಷದಿಂದ ಬದಲಾಯಿಸಿರಲಿಕ್ಕಿಲ್ಲ. ಸರ್ವೀಸಿನಲ್ಲಿ ಎಂಜಿನ್ ಆಯಿಲ್ ಮಾತ್ರ ನೋಡಿ ಹಿಂದಿನದನ್ನು ಮರೆಯುವುದು ಜಾಸ್ತಿ, ಯಾಕೆಂದರೆ ಈಗಿನ ಹುಡುಗರಿಗೆ ಮುಂದಿನ ಚಕ್ರದ ಗಾಡಿಗಳೇ ಅಭ್ಯಾಸ. ಡ್ರೈನ್ ಬೋಲ್ಟ್ ಬಿಚ್ಚಿಸಿ, ಆಯಿಲ್ ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿಯಿರಿ. ಕಪ್ಪಗಿದ್ದರೆ ಪರವಾಗಿಲ್ಲ, ಹೊಸ ಆಯಿಲ್ ಹಾಕಿ ಓಡಿಸಬಹುದು. ಬೆಳ್ಳಿ ಥರ ಮಿನುಗುವ ಚೂರು ಕಂಡರೆ ಹಲ್ಲು ಸವೆಯುತ್ತಿದೆ ಅಂತ ಅರ್ಥ. ಆಗ ಆ ಖರ್ಚು ರೇಟಿನಲ್ಲಿ ಕಡಿಮೆ ಮಾಡಿಸಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಕೂಡ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ, ಆಟ ಇರಬಾರದು.

ಮತ್ತೆ ಸ್ಟಾರ್ಟ್ ಮಾಡಿಟ್ಟ ಗಾಡಿ ನೋಡಿ ಬಂದರೆ ಆಗಲಿಲ್ಲ. ಇನ್ನೊಂದು ದಿನ ಬೆಳಿಗ್ಗೆ 7ಕ್ಕೆ ಹೋಗಿ, ಹೇಳದೇ ಹೋದರೆ ಇನ್ನೂ ಒಳ್ಳೆಯದು. ಮೊದಲು ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ನೀವೇ ಕೀ ತಿರುಗಿಸಿ. ಮೊದಲ ಎರಡು ಮೂರು ಸೆಕೆಂಡ್ ಮುಂಭಾಗದಿಂದ ಸರಪಳಿ ಎಳೆದ ಹಾಗೆ ಕಟಕಟ ಕೇಳಿದರೆ ಟೈಮಿಂಗ್ ಚೈನ್ ಸಡಿಲ. ಈ ಎಂಜಿನ್‌ನಲ್ಲಿ ಬೆಲ್ಟ್ ಇಲ್ಲ, ಚೈನ್. ಈ ಕಿಲೋಮೀಟರಿಗೆ ಅದು ಸಡಿಲ ಆಗಿರೋ ಸಾಧ್ಯತೆ ಇದೆ. ಅದನ್ನು ಬಿಟ್ಟು ಓಡಿಸಿ ಘಟ್ಟದ ನಡುವೆ ಚೈನ್ ಜಿಗಿದರೆ ವಾಲ್ವ್ ಎಲ್ಲ ಬಗ್ಗಿ ಎಂಜಿನ್ ಇಳಿಸಬೇಕಾಗುತ್ತದೆ. ಸದ್ದು ಇಲ್ಲದಿದ್ದರೆ, ಹೊಗೆ ಬಿಳಿ ಅಥವಾ ನೀಲಿ ಬರದಿದ್ದರೆ, ಮಾಸ್ತರ ಗಾಡಿ ತಗೊಳ್ಳಿ. ಸದ್ದು ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲಿ ಹಾಕಿದರೆ ಕೇಳಿ ಹೇಳುತ್ತೇನೆ.